ಪತಿಯನ್ನು ಕರೆಸಿಕೊಳ್ಳುವ ಹಕ್ಕು

ಮದುವೆಯಾದ ಹೆಣ್ಣು ಗಂಡನ ಮನೆಗೆ ಹೋಗುವುದು ಲೋಕರೂಢಿ. ಗಂಡನೇ ಹೆಂಡತಿಯ ಮನೆಗೆ ಬಂದು ನೆಲೆಸಿದರೆ ಅದು ಊರ ಮಾತಿಗೆ ವಿಷಯವಾಗುತ್ತದೆ; 'ಮನೆ ಅಳಿಯ' ಎಂಬ ಮಾತಿನಲ್ಲಿ ಅಡಗಿರುವ ಕುಚೋದ್ಯವನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ರೂಢಿಯು ನಮ್ಮ ಜಗಲಿಗಳ ಮೇಲೆ ಮಾತ್ರ ಕುಳಿತಿದೆಯೆಂದು ತಿಳಿದರೆ ತಪ್ಪಾದೀತು. ಸುಧಾರಿಸಿದ ರಾಷ್ಟ್ರಗಳೆಂದು ಹೆಸರಾದವುಗಳ ಕಾಯಿದೆಯ ಪುಸ್ತಕಗಳಲ್ಲಿಯೂ ಅದು ಬಹುಕಾಲ ಗದ್ದುಗೆಯೇರಿ ಕುಳಿತಿತ್ತು. ಆ ರಾಷ್ಟ್ರಗಳಲ್ಲಿ ನೆಲೆಸಿದ ಗಂಡಸು ತನ್ನ ಹೆಂಡತಿಯನ್ನು ಕರೆಸಿಕೊಳ್ಳಲು ಹೊರಟರೆ ಸರಕಾರಗಳು ಹುಬ್ಬು ಗಂಟಿಕ್ಕಿಯಾದರೂ ಬಾಗಿಲು ತೆರೆಯುತ್ತಿದ್ದವು. ಅಲ್ಲಿಯೇ ನೆಲೆಸಿದ ಹೆಂಗಸು ತನ್ನ ಗಂಡನನ್ನು ಕರೆಸಿಕೊಳ್ಳಲು ಹೊರಟರೆ ಅದೇ ಬಾಗಿಲಿಗೆ ಅಗಳಿ ಬೀಳುತ್ತಿತ್ತು. ಇಂದು ಆ ಅಗಳಿಯನ್ನು ತೆಗೆದಿದ್ದಾರೆ. ಆದರೆ ಹೊಸ್ತಿಲನ್ನು ಎತ್ತರಿಸಿದ್ದಾರೆ. ಅಗಳಿ ಹೋಯಿತೆಂದು ಸಂತೋಷಪಡುವವರು ಹೊಸ್ತಿಲಿನ ಎತ್ತರವನ್ನೂ ಒಮ್ಮೆ ಅಳೆದು ನೋಡಬೇಕೆಂಬುದೇ ಈ ಲೇಖನದ ಉದ್ದೇಶ.

ಇದು ಪರರ ಮನೆಯ ಸಂಗತಿ, ನಮಗೇಕೆ ಇದರ ಗೊಡವೆ ಎಂದು ಯಾರಾದರೂ ಕೇಳಬಹುದು. ಹಾಗೆ ಕೇಳುವ ಕಾಲವು ಹಿಂದಾಯಿತು. ಹಿಂದೆ ಗಂಡಸು ಸಮುದ್ರ ದಾಟುತ್ತಿದ್ದನು; ಹೆಂಡತಿಯು ಆತನ ಕಾಗದಕ್ಕಾಗಿ ಅಂಚೆಯವನ ದಾರಿ ಕಾಯುತ್ತಿದ್ದಳು. ಈಗ ಎಷ್ಟೋ ಮನೆಗಳಿಂದ ಹೆಣ್ಣುಮಗಳೇ ಮೊದಲು ಹೊರಡುತ್ತಾಳೆ. ಮಂಗಳೂರಿನಲ್ಲಿ ದಾದಿಯ ಶಿಕ್ಷಣ ಪಡೆದವಳು ಇಂಗ್ಲೆಂಡಿನ ಆಸ್ಪತ್ರೆಯನ್ನು ಸೇರುತ್ತಾಳೆ; ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿದವಳು ಲಂಡನ್ನಿನ ಕಚೇರಿಯಲ್ಲಿ ಕುಳಿತು ದುಡಿಯುತ್ತಾಳೆ. ಅಲ್ಲಿಯೇ ಹುಟ್ಟಿ, ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ಇಂಗ್ಲಿಷನ್ನೂ ಆಡುತ್ತ ಬೆಳೆದ ಮಗಳೂ ಇದ್ದಾಳೆ. ಇವರಲ್ಲಿ ಒಬ್ಬಳು ಆ ದೇಶದ ಪ್ರಜೆಯಾಗಿಯೋ ಖಾಯಂ ನಿವಾಸದ ಹಕ್ಕನ್ನು ಪಡೆದೋ ಇದ್ದು, ಧಾರವಾಡದ ಅಥವಾ ಮೈಸೂರಿನ ವರನನ್ನು ಮದುವೆಯಾಗುತ್ತಾಳೆಂದು ಭಾವಿಸೋಣ. ಮದುವೆಯ ಚಪ್ಪರ ಇಳಿಸುವ ಮೊದಲೇ ರಜೆ ಮುಗಿದು ಆಕೆ ವಿಮಾನವೇರುತ್ತಾಳೆ. ಗಂಡನು ಇಲ್ಲಿ, ಹೆಂಡತಿಯು ಅಲ್ಲಿ. ನಡುವೆ ಒಂದು ಅರ್ಜಿ. ಆ ಅರ್ಜಿಯ ಕಥೆಯು ಈಗ ಕನ್ನಡನಾಡಿನ ಮನೆಗಳ ಕಥೆಯೂ ಆಗಿದೆ.

ಉದ್ಯೋಗದ ವೀಸಾ ಹಿಡಿದು ಹೋದವಳ ಮಾತು ಬೇರೆ. ಆಕೆಯ ಗಂಡನಿಗೆ ಬೇರೆ ಕಟ್ಟಳೆಗಳಿವೆ. ಆದರೆ ಅಲ್ಲಿಯೂ ಬ್ರಿಟಿಷ್ ಸರಕಾರದ ಮನೋಧರ್ಮ ಹೇಗಿದೆಯೆಂಬುದಕ್ಕೆ ಒಂದು ನಿದರ್ಶನ ಸಾಕು. ಮುದುಕರನ್ನೂ ಅಶಕ್ತರನ್ನೂ ಆರೈಕೆ ಮಾಡಲು ಹೊರದೇಶದಿಂದ ಹೊಸದಾಗಿ ಬರುವವರು ಗಂಡನನ್ನಾಗಲಿ, ಹೆಂಡತಿಯನ್ನಾಗಲಿ, ಮಕ್ಕಳನ್ನಾಗಲಿ ಜೊತೆಗೆ ಕರೆತರಕೂಡದೆಂದು ೨೦೨೪ರ ಮಾರ್ಚ್ ೧೧ರಿಂದ ಕಟ್ಟಳೆಯಾಯಿತು. ೨೦೨೫ರ ಜುಲೈಯಲ್ಲಿ ಆ ಕೆಲಸಕ್ಕೆ ಹೊರನಾಡಿನಿಂದ ಹೊಸಬರನ್ನು ನೇಮಿಸುವುದೇ ನಿಂತಿತು. ತಮ್ಮ ಮನೆಯ ವೃದ್ಧರನ್ನು ಎತ್ತಿ ಕುಳ್ಳಿರಿಸಲು ಆ ಕೈಗಳು ಬೇಕು. ಆ ಕೈಗಳಿಗೆ ಸೇರಿದ ಸಂಸಾರ ಮಾತ್ರ ಬೇಡ!

ಗಡಿಯ ಅಧಿಕಾರಿಯು ಮದುವೆಯ ಸಾಚಾತನವನ್ನು ಅಳೆಯಲು ಕುಳಿತಾಗ ಏನಾಗುತ್ತದೆಂಬುದು ನಮ್ಮ ರಾಷ್ಟ್ರಕ್ಕೆ ಹೊಸ ಅನುಭವವಲ್ಲ. ೧೯೧೩ರ ಮಾರ್ಚ್ ತಿಂಗಳಿನಲ್ಲಿ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಅವರು ಒಂದು ತೀರ್ಪು ಕೊಟ್ಟರು. ಹಿಂದೂಸ್ಥಾನದಿಂದ ಗಂಡನನ್ನು ಸೇರಲು ಬಂದ ಮುಸಲ್ಮಾನ ಪತ್ನಿಯೊಬ್ಬಳಿಗೆ ಪ್ರವೇಶ ನಿರಾಕರಿಸಿದ ಮೊಕದ್ದಮೆ ಅದು. ಬಹುಪತ್ನೀತ್ವಕ್ಕೆ ಆಸ್ಪದವಿರುವ ಧರ್ಮದ ವಿಧಿಯಿಂದ ನಡೆದ ವಿವಾಹವನ್ನು ಆ ದೇಶದ ಕಾಯಿದೆಯು ವಿವಾಹವೆಂದು ಎಣಿಸದೆಂಬುದು ತೀರ್ಪಿನ ತಾತ್ಪರ್ಯ. ಒಂದೇ ಲೇಖನಿಯ ಗೀಟಿನಿಂದ ಸಹಸ್ರಾರು ಗೃಹಿಣಿಯರ ಸ್ಥಾನಮಾನ ಅಳಿಸಿಹೋಯಿತು. ಅದನ್ನು ಸಹಿಸದೆ ಕಸ್ತೂರಬಾ ಮೊದಲಾದ ಸ್ತ್ರೀಯರು ಆ ವರ್ಷದ ಸೆಪ್ಟೆಂಬರಿನಲ್ಲಿ ಸತ್ಯಾಗ್ರಹಕ್ಕೆ ಇಳಿದು ಕಠಿಣ ಶಿಕ್ಷೆಯನ್ನು ಅನುಭವಿಸಿದರು. ೧೯೧೪ರಲ್ಲಿ ಆ ಸರಕಾರವು ಕಾಯಿದೆ ಮಾಡಿ, ಒಬ್ಬಳೇ ಪತ್ನಿಯಿರುವ ಹಿಂದೂ ಮುಸಲ್ಮಾನ ವಿವಾಹಗಳನ್ನು ಮನ್ನಿಸಬೇಕಾಯಿತು. ಮನೆಯ ಮರ್ಯಾದೆಯ ಪ್ರಶ್ನೆಯು ರಾಷ್ಟ್ರದ ಮರ್ಯಾದೆಯ ಪ್ರಶ್ನೆಯೂ ಹೌದೆಂಬುದನ್ನು ಆ ತಾಯಂದಿರು ನಮಗೆ ಕಲಿಸಿಕೊಟ್ಟರು.

ಅಂದು ಹೆಂಡತಿಯರ ಪ್ರವೇಶದ ಪ್ರಶ್ನೆ. ಇಂದು ನಾವು ಚರ್ಚಿಸುತ್ತಿರುವುದು ಗಂಡಂದಿರ ಪ್ರವೇಶದ ಪ್ರಶ್ನೆ. ಇದರ ಚರಿತ್ರೆಯು ಬ್ರಿಟನ್ನಿನಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. ಮೊದಲಿಗೆ, ಪರದೇಶಿಯನ್ನು ವರಿಸಿದ ಬ್ರಿಟಿಷ್ ಹೆಣ್ಣು ತನ್ನ ಪ್ರಜಾತ್ವವನ್ನೇ ಕಳೆದುಕೊಳ್ಳುವ ನಿಯಮವಿತ್ತು. ಅದು ಪೂರ್ಣವಾಗಿ ರದ್ದಾದುದು ೧೯೪೮ರ ಪ್ರಜಾತ್ವ ಕಾಯಿದೆಯು ೧೯೪೯ರ ಜನವರಿ ೧ರಂದು ಜಾರಿಗೆ ಬಂದಾಗ. ಗಂಡಸು ಪರದೇಶಿಯನ್ನು ವರಿಸಿದರೆ ಆತನ ಪ್ರಜಾತ್ವಕ್ಕೆ ಕುಂದಿರಲಿಲ್ಲವೆಂಬುದನ್ನು ಹೇಳುವ ಅಗತ್ಯವಿಲ್ಲ. ಅನಂತರ, ಹಿಂದೂಸ್ಥಾನ ಪಾಕಿಸ್ತಾನಗಳಂಥ ಕಾಮನ್‌ವೆಲ್ತ್ ದೇಶಗಳ ಗಂಡಂದಿರು ಬ್ರಿಟನ್ನಿನಲ್ಲಿರುವ ಹೆಂಡತಿಯರನ್ನು ಸೇರುವುದಕ್ಕೆ ೧೯೬೯ರಲ್ಲಿ ತಡೆ ಬಿತ್ತು. ೧೯೭೪ರಲ್ಲಿ ಅದು ಸಡಿಲಾಯಿತು. ೧೯೮೦ರ ಮಾರ್ಚಿನಿಂದ ಮತ್ತೆ ಬಿಗಿಯಾಯಿತು: ಹೆಂಡತಿಯು ಆ ದೇಶದ ಪ್ರಜೆಯಾಗಿರಬೇಕು, ಅಷ್ಟು ಸಾಲದು, ಆಕೆಯಾಗಲಿ ಆಕೆಯ ತಂದೆತಾಯಿಯರಲ್ಲಿ ಒಬ್ಬರಾಗಲಿ ಆ ನೆಲದಲ್ಲಿಯೇ ಹುಟ್ಟಿರಬೇಕು. ಅಲ್ಲಿ ನೆಲೆಸಿದ ಗಂಡಸು ಹೆಂಡತಿಯನ್ನು ಕರೆಸಲು ಮಾತ್ರ ಇಂಥ ಯಾವ ಜನ್ಮಪತ್ರಿಕೆಯೂ ಬೇಕಾಗಿರಲಿಲ್ಲ.

ಅಮೆರಿಕದವರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ದೇಶದೇಶಕ್ಕೆ ಇಂತಿಷ್ಟೇ ಜನರೆಂದು ಮಿತಿ ಗೊತ್ತುಮಾಡಿದ ೧೯೨೪ರ ಅವರ ಕಾಯಿದೆಯಲ್ಲಿ, ಪ್ರಜೆಯಾದ ಗಂಡಸಿನ ಹೆಂಡತಿಯನ್ನು ಮಿತಿಯಿಂದ ಹೊರಗಿಟ್ಟಿದ್ದರು. ಪ್ರಜೆಯಾದ ಹೆಂಗಸಿನ ಗಂಡನಿಗೆ ಆ ರಿಯಾಯಿತಿ ಇರಲಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟುದು ೧೯೫೨ರ ಕಾಯಿದೆ.

ಬ್ರಿಟನ್ನಿನ ನಿಯಮಗಳನ್ನು ಪ್ರಶ್ನಿಸಿ ಮೂವರು ಹೆಂಗಸರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಕಟ್ಟೆಯನ್ನು ಹತ್ತಿದರು: ಅಬ್ದುಲ್ ಅಜೀಜ್, ಕಬಾಲೆಸ್, ಬಲ್ಕಂಡಾಲಿ. ಇವರಲ್ಲಿ ಮೊದಲನೆಯವರು ಮಲಾವಿಯಲ್ಲಿ ಹುಟ್ಟಿದ ಹಿಂದೂಸ್ಥಾನೀ ಮೂಲದವರು. ಅವರ ಪತಿಯು ಹುಟ್ಟಿದುದು ನಮ್ಮ ಪಶ್ಚಿಮ ಕರಾವಳಿಯ ದಮನಿನಲ್ಲಿ. ಮುಂದೆ ಪೋರ್ತುಗಾಲಿಗೆ ಹೋದವರು. ಹೆಂಡತಿಗೆ ಬ್ರಿಟನ್ನಿನಲ್ಲಿ ಖಾಯಂ ನಿವಾಸವಿತ್ತು. ಗಂಡನಿಗೆ ಅಲ್ಲಿ ನೆಲೆಸಲು ಅಪ್ಪಣೆ ಸಿಗಲಿಲ್ಲ. ನಿರುದ್ಯೋಗವು ಹೆಚ್ಚಿದೆ, ಬರುವ ಗಂಡಸರು ಕೆಲಸ ಹುಡುಕುತ್ತಾರೆ, ಬರುವ ಹೆಂಗಸರು ಅಷ್ಟಾಗಿ ಹುಡುಕುವುದಿಲ್ಲ, ಆದುದರಿಂದ ಈ ಭೇದವು ನ್ಯಾಯವಾದುದೆಂದು ಸರಕಾರದವರು ವಾದಿಸಿದರು. ೧೯೮೫ರ ಮೇ ೨೮ರಂದು ನ್ಯಾಯಾಲಯವು ಈ ವಾದವನ್ನು ತಳ್ಳಿಹಾಕಿ, ಲಿಂಗಭೇದದಿಂದ ಈ ಮೂವರ ಹಕ್ಕಿಗೆ ಭಂಗ ಬಂದಿದೆಯೆಂದು ಒಮ್ಮತದಿಂದ ಸಾರಿತು. ಜನಾಂಗಭೇದ ನಡೆದಿದೆಯೆಂಬ ದೂರನ್ನು ಮಾತ್ರ ಅದು ಒಪ್ಪಲಿಲ್ಲ. ಆನೆ ಹೋದದ್ದಕ್ಕೆ ಬಾಲ ಸಿಕ್ಕಿತೆಂದು ಕೆಲವರು ಅಂದಾರು. ಆದರೂ ಆ ಬಾಲವು ಸಣ್ಣದಾಗಿರಲಿಲ್ಲ.

ತೀರ್ಪಿಗೆ ತಲೆಬಾಗಿದ ಸರಕಾರವು ಮಾಡಿದುದೇನು? ಹೆಂಗಸರನ್ನು ಗಂಡಸರ ಮಟ್ಟಕ್ಕೆ ಏರಿಸಿತೆಂದು ವಾಚಕರು ಊಹಿಸಬಹುದು. ಅದರ ಬದಲು ಗಂಡಸರನ್ನೇ ಹೆಂಗಸರ ಮಟ್ಟಕ್ಕೆ ಇಳಿಸಿತು. ಬರುವ ಗಂಡನಿಗೆ ಮಾತ್ರ ಅನ್ವಯಿಸುತ್ತಿದ್ದ 'ಮುಖ್ಯ ಉದ್ದೇಶ'ದ ಪರೀಕ್ಷೆಯನ್ನು ಅದೇ ೧೯೮೫ರಲ್ಲಿ ಬರುವ ಹೆಂಡತಿಗೂ ಅನ್ವಯಿಸಿತು. ಈ ಪರೀಕ್ಷೆಯ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಮದುವೆಯು ನಿಜವಾದದ್ದೆಂದು ತೋರಿಸಿದರೆ ಸಾಲದು. ಬ್ರಿಟನ್ನಿಗೆ ಹೋಗುವುದೇ ಮದುವೆಯ ಮುಖ್ಯ ಉದ್ದೇಶವಲ್ಲವೆಂದು ಅರ್ಜಿದಾರನೇ ರುಜುವಾತು ಮಾಡಬೇಕು. ಇಲ್ಲದ್ದನ್ನು ಇಲ್ಲವೆಂದು ರುಜುವಾತು ಮಾಡುವುದು ಬ್ರಹ್ಮನಿಗೂ ಕಷ್ಟ. ಹಿರಿಯರು ನೋಡಿ ನಿಶ್ಚಯಿಸುವ ನಮ್ಮ ಬಗೆಯ ಮದುವೆಗಳಿಗೆ ಇದು ಉರುಳಾಯಿತು. ಅಧಿಕಾರಿಗಳು ನಮ್ಮ ರೂಢಿಯನ್ನೇ ನಮ್ಮ ಮೇಲೆ ತಿರುಗಿಸಿದರು: ಹಿಂದೂಸ್ಥಾನದಲ್ಲಿ ಹೆಣ್ಣು ಗಂಡನ ಮನೆಗೆ ಹೋಗುವುದು ಪದ್ಧತಿ, ಈ ವರನು ಹೆಣ್ಣಿನ ಊರಿಗೆ ಹೊರಟಿದ್ದಾನೆ, ಆದುದರಿಂದ ಇವನಿಗೆ ಬೇಕಾದುದು ಹೆಂಡತಿಯಲ್ಲ, ಊರು! ಜಗಲಿಯ ಮೇಲಿನ ಕುಚೋದ್ಯವು ರಾಯಭಾರ ಕಚೇರಿಯ ಕಡತದಲ್ಲಿ ತರ್ಕವಾಗಿ ಪರಿಣಮಿಸಿತು. ಈ ನಿಯಮವು ರದ್ದಾದುದು ೧೯೯೭ರಲ್ಲಿ. ಅಷ್ಟರೊಳಗೆ ಎಷ್ಟು ಸಂಸಾರಗಳು ತಬ್ಬಿಬ್ಬಾದವೆಂಬುದನ್ನು ಆ ಸಂಸಾರಗಳೇ ಬಲ್ಲವು.

ಉದ್ದೇಶವನ್ನು ಅಳೆಯುವ ಕೋಲು ಮುರಿಯಿತು. ಹದಿನೈದು ವರ್ಷಗಳಲ್ಲಿ ಹಣದ ಚೀಲವನ್ನು ಅಳೆಯುವ ಕೋಲು ಬಂದಿತು. ೨೦೧೨ರ ಜುಲೈಯಿಂದ, ಗಂಡನನ್ನಾಗಲಿ ಹೆಂಡತಿಯನ್ನಾಗಲಿ ಕರೆಸಿಕೊಳ್ಳುವವರಿಗೆ ವರ್ಷಕ್ಕೆ ೧೮,೬೦೦ ಪೌಂಡುಗಳ ಆದಾಯವಿರಬೇಕೆಂದು ವಿಧಿಸಲಾಯಿತು. ೨೦೧೭ರ ಫೆಬ್ರವರಿಯಲ್ಲಿ ಆ ದೇಶದ ಸುಪ್ರೀಂ ಕೋರ್ಟು ಈ ಮಿತಿಯನ್ನು ತತ್ತ್ವತಃ ಎತ್ತಿಹಿಡಿದರೂ, ನಿಯಮಗಳು ಮಕ್ಕಳ ಹಿತವನ್ನು ತಕ್ಕಂತೆ ಗಮನಿಸಿಲ್ಲವೆಂದು ದೋಷ ತೋರಿಸಿತು. ೨೦೨೪ರ ಏಪ್ರಿಲ್ ೧೧ರಂದು ಮಿತಿಯು ೨೯,೦೦೦ಕ್ಕೆ ಏರಿತು. ಮುಂದೆ ೩೮,೭೦೦ಕ್ಕೆ ಏರಿಸುವ ಸಂಕಲ್ಪವೂ ಇದ್ದಿತು. ಆ ವರ್ಷದ ಜುಲೈಯಲ್ಲಿ ಅಧಿಕಾರಕ್ಕೆ ಬಂದ ಹೊಸ ಸರಕಾರವು ಅದನ್ನು ತಡೆದು, ವಿಷಯವನ್ನು ತನ್ನ ವಲಸೆ ಸಲಹಾ ಸಮಿತಿಗೆ ಒಪ್ಪಿಸಿತು. ಉದ್ಯೋಗದ ವೀಸಾಕ್ಕೆ ಗೊತ್ತುಮಾಡಿದ ಸಂಬಳದ ಮಟ್ಟವನ್ನು ಸಂಸಾರದ ವೀಸಾಕ್ಕೆ ಹೊಂದಿಸುವುದು ಸರಿಯಲ್ಲವೆಂದು ೨೦೨೫ರ ಜೂನಿನಲ್ಲಿ ಸಮಿತಿಯು ವರದಿ ಮಾಡಿತು.

ಈ ಅಂಕಿಗಳ ಅರ್ಥವೇನೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ೨೦೨೫ರ ಏಪ್ರಿಲಿನಲ್ಲಿ ಆ ದೇಶದ ಕಾಯಿದೆಯೇ ಗೊತ್ತುಮಾಡಿದ ಕನಿಷ್ಠ ಕೂಲಿಯು ಗಂಟೆಗೆ ೧೨ ಪೌಂಡು ೨೧ ಪೆನ್ಸು. ವಾರಕ್ಕೆ ಮೂವತ್ತೇಳೂವರೆ ಗಂಟೆಯಂತೆ ಒಂದು ವಾರವೂ ಬಿಡದೆ ದುಡಿದರೆ ವರ್ಷಕ್ಕೆ ಬರುವುದು ಸುಮಾರು ೨೩,೮೦೦ ಪೌಂಡು. ಅಂದರೆ, ಕಾಯಿದೆಯು ನ್ಯಾಯವೆಂದು ಒಪ್ಪಿದ ಕೂಲಿಗೆ ವರ್ಷವಿಡೀ ಪ್ರಾಮಾಣಿಕವಾಗಿ ದುಡಿದ ಹೆಂಗಸಿಗೆ ತನ್ನ ಗಂಡನನ್ನು ಕರೆಸಿಕೊಳ್ಳುವ ಯೋಗ್ಯತೆಯಿಲ್ಲ! ಕೊರತೆಯನ್ನು ಉಳಿತಾಯದಿಂದ ತುಂಬಬಹುದೆನ್ನುತ್ತಾರೆ. ಆದರೆ ಉಳಿತಾಯದಲ್ಲಿ ಮೊದಲ ೧೬,೦೦೦ ಪೌಂಡುಗಳು ಲೆಕ್ಕಕ್ಕಿಲ್ಲ. ಅದರ ಮೇಲೆ ಕೊರತೆಯ ಎರಡೂವರೆ ಪಟ್ಟು ಹಣವು ಆರು ತಿಂಗಳು ಕೈಯಲ್ಲಿರಬೇಕು. ಮೇಲಿನ ಹೆಂಗಸಿಗೆ ಇದು ಸುಮಾರು ೨೯,೦೦೦ ಪೌಂಡುಗಳಾಗುತ್ತದೆ. ಕೂಲಿಯಿಂದ ಜೀವಿಸುವವಳ ಪೆಟ್ಟಿಗೆಯಲ್ಲಿ ಅಷ್ಟು ಹಣ ಎಲ್ಲಿಂದ ಬರಬೇಕು?

ಸರಕಾರಿ ಆಸ್ಪತ್ರೆಯ ದಾದಿಯ ಮಾತೇನು? ಇಂಗ್ಲೆಂಡಿನಲ್ಲಿ ಹೊಸ ದಾದಿಯ ಆರಂಭದ ಸಂಬಳವು ೨೦೨೫-೨೬ರಲ್ಲಿ ವರ್ಷಕ್ಕೆ ೩೧,೦೪೯ ಪೌಂಡು. ಪೂರ್ಣಕಾಲ ದುಡಿದರೆ ಆಕೆ ಹೊಸ್ತಿಲನ್ನು ಕಾಲ್ಬೆರಳ ತುದಿಯಿಂದ ದಾಟಬಲ್ಲಳು. ಆದರೆ ಮಗುವಾಗಿ, ಅದನ್ನು ನೋಡಿಕೊಳ್ಳಲು ಕೆಲಸದ ವೇಳೆಯನ್ನು ಕಡಿಮೆ ಮಾಡಿಕೊಂಡರೆ ಒಡನೆಯೇ ಹೊಸ್ತಿಲಿನ ಕೆಳಗೆ ಬೀಳುತ್ತಾಳೆ. ತಂದೆಯು ಜೊತೆಗಿದ್ದಿದ್ದರೆ ಆಕೆ ಪೂರ್ಣಕಾಲ ದುಡಿಯಬಹುದಾಗಿತ್ತು; ಪೂರ್ಣಕಾಲ ದುಡಿಯದೆ ತಂದೆಯು ಬರುವಂತಿಲ್ಲ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ನಮ್ಮ ಗಾದೆಯು ಈ ನಿಯಮಕ್ಕಾಗಿಯೇ ಹುಟ್ಟಿತೋ ಎಂಬಂತಿದೆ. ಇನ್ನೊಂದು ವಿಚಿತ್ರವಿದೆ. ಗಂಡನು ಇಲ್ಲಿ ಎಂಜಿನಿಯರನಾಗಿರಲಿ, ಕಾಲೇಜಿನ ಅಧ್ಯಾಪಕನಾಗಿರಲಿ, ಹೊರದೇಶದಲ್ಲಿದ್ದು ಅರ್ಜಿ ಮಾಡುವಾಗ ಆತನ ಸಂಬಳವಾಗಲಿ, ಅಲ್ಲಿ ಸಿಗಬಹುದಾದ ಕೆಲಸದ ಆದಾಯವಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಬರುವವನು ಅನ್ನ ತಿನ್ನುವ ಬಾಯಿಯೆಂದು ಎಣಿಸುತ್ತಾರೆಯೇ ಹೊರತು ದುಡಿಯುವ ಎರಡು ಕೈಗಳೆಂದು ಎಣಿಸುವುದಿಲ್ಲ. ೧೯೮೫ರಲ್ಲಿ ಗಂಡಸು ಬಂದರೆ ಕೆಲಸ ಕಸಿಯುತ್ತಾನೆಂದು ವಾದಿಸಿದವರೇ ಈಗ ಅವನು ದುಡಿಯುವುದನ್ನು ಲೆಕ್ಕಿಸೆವೆನ್ನುತ್ತಾರೆ!

ನಿಯಮದ ಭಾಷೆಯಲ್ಲಿ ಇಂದು ಗಂಡುಹೆಣ್ಣೆಂಬ ಭೇದವಿಲ್ಲ. ಇದನ್ನು ನಾವು ಪ್ರಾಮಾಣಿಕವಾಗಿ ಒಪ್ಪುತ್ತೇವೆ. ಆದರೆ ಹೆಂಗಸರ ಸಂಬಳವು ಸರಾಸರಿಯಲ್ಲಿ ಗಂಡಸರದಕ್ಕಿಂತ ಕಡಿಮೆಯಿರುವ, ಮಕ್ಕಳ ಪಾಲನೆಯ ಭಾರವು ಹೆಚ್ಚಾಗಿ ಹೆಂಗಸಿನ ಮೇಲೆಯೇ ಬೀಳುವ ಲೋಕದಲ್ಲಿ, ಸಂಬಳದಿಂದ ಅಳೆಯುವ ಕೋಲು ಯಾರನ್ನು ಮೊದಲು ಹೊಡೆಯುತ್ತದೆಂಬುದನ್ನು ಹೇಳಲು ಜ್ಯೋತಿಷ್ಯ ಬೇಕಾಗಿಲ್ಲ. ಸಮಾನವಾದ ನಿಯಮವು ಅಸಮಾನವಾದ ನೆಲದ ಮೇಲೆ ನಿಂತರೆ ಅದರ ನೆರಳು ಓರೆಯಾಗಿಯೇ ಬೀಳುತ್ತದೆ.

ಹಣದ ಹೊಸ್ತಿಲನ್ನು ದಾಟಿದ ಮೇಲೂ ಮೆಟ್ಟಿಲುಗಳಿವೆ. ೨೦೨೫ರ ಏಪ್ರಿಲಿನಲ್ಲಿ ಹೊರಗಿನಿಂದ ಮಾಡುವ ಅರ್ಜಿಯ ಶುಲ್ಕವು ೧,೯೩೮ ಪೌಂಡಾಗಿತ್ತು. ಆರೋಗ್ಯದ ತೆರಿಗೆಯೆಂದು ಮೊದಲ ಅವಧಿಗೆ ೩,೧೦೫ ಪೌಂಡು. ಇವೆರಡೇ ಐದು ಲಕ್ಷ ರೂಪಾಯಿಗಳನ್ನು ಮೀರುತ್ತವೆ. ಕ್ಷಯರೋಗವಿಲ್ಲವೆಂಬ ಸರ್ಟಿಫಿಕೇಟು ಬೇಕು. ಇಂಗ್ಲಿಷ್ ಮಾತನಾಡಿ ತಿಳಿಯಬಲ್ಲನೆಂಬ ಪರೀಕ್ಷೆ ೨೦೧೦ರ ನವೆಂಬರಿನಿಂದ ಜಾರಿಯಲ್ಲಿದೆ. ಪಾಕಿಸ್ತಾನದಲ್ಲಿಯೂ ಯೆಮನ್ನಿನಲ್ಲಿಯೂ ಗಂಡಂದಿರಿದ್ದ ಇಬ್ಬರು ಬ್ರಿಟಿಷ್ ಪ್ರಜೆಗಳಾದ ಹೆಂಗಸರು ಇದನ್ನು ಪ್ರಶ್ನಿಸಿದಾಗ, ೨೦೧೫ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ನಿಯಮವನ್ನು ರದ್ದು ಮಾಡಲಿಲ್ಲ; ಆದರೆ ಪರೀಕ್ಷೆ ಕಟ್ಟುವುದು ಅಸಾಧ್ಯವಾದ ಕಡೆ ಅಧಿಕಾರಿಗಳ ಸೂಚನೆಗಳು ಜನರ ಹಕ್ಕಿಗೆ ಧಕ್ಕೆ ತರಬಹುದೆಂದು ಎಚ್ಚರಿಸಿತು. ಇನ್ನು ಮದುವೆಯು ನಿಜವೆಂದು ತೋರಿಸಲು ಭಾವಚಿತ್ರಗಳು, ಪ್ರಯಾಣದ ಚೀಟಿಗಳು, ಗಂಡಹೆಂಡಿರು ಪರಸ್ಪರ ಬರೆದುಕೊಂಡ ಮಾತುಗಳು ಇವೆಲ್ಲವನ್ನೂ ಅಪರಿಚಿತ ಅಧಿಕಾರಿಯ ಮುಂದೆ ಹರಡಬೇಕು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬಂತೆ, ಕಾಯಿದೆಯು ಒಪ್ಪಿದರೂ ಕಾಗದವೊಂದು ಒಪ್ಪದೆ ಹೋಗಬಹುದು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕವೆನ್ನುತ್ತಾರೆ. ಉಂಡು ಮಲಗುವುದಕ್ಕೆ ಒಂದೇ ಸೂರು ಇಲ್ಲದವರಿಗೆ ಜಗಳದ ಸುಖವೂ ಇಲ್ಲ.

ಎದುರು ಪಕ್ಷದ ವಾದವನ್ನೂ ಕೇಳುವುದು ನ್ಯಾಯ. ತನ್ನ ನೆಲಕ್ಕೆ ಯಾರು ಬರಬೇಕೆಂಬುದನ್ನು ನಿರ್ಣಯಿಸುವ ಹಕ್ಕು ಪ್ರತಿಯೊಂದು ರಾಷ್ಟ್ರಕ್ಕೂ ಉಂಟು. ಸ್ವಾತಂತ್ರ್ಯದ ಬೆಲೆಯನ್ನು ತಿಳಿದ ನಾವು ಇದನ್ನು ಅಲ್ಲಗಳೆಯಲಾರೆವು. ವೀಸಾಕ್ಕಾಗಿಯೇ ಕಟ್ಟಿದ ಸುಳ್ಳು ಮದುವೆಗಳು ಇಲ್ಲವೆಂದೂ ನಾವು ಹೇಳುವುದಿಲ್ಲ. ಅದಕ್ಕಿಂತ ಕ್ರೂರವಾದದ್ದು, ಅಲ್ಲಿ ಬೆಳೆದ ಹೆಣ್ಣುಮಗಳನ್ನು ರಜೆಯ ನೆವದಿಂದ ಪೂರ್ವಜರ ಊರಿಗೆ ಕರೆತಂದು, ಆಕೆಯ ಮನಸ್ಸಿಗೆ ವಿರುದ್ಧವಾಗಿ ಮದುವೆ ಮಾಡಿ, ಆ ಗಂಡನನ್ನು ಕರೆಸಿಕೊಳ್ಳುವಂತೆ ಬಲಾತ್ಕರಿಸುವುದು. ಇದು ಹೇಯವಾದ ಅಪರಾಧ. ೨೦೧೪ರಲ್ಲಿ ಬ್ರಿಟನ್ನು ಅದನ್ನು ಶಿಕ್ಷಾರ್ಹ ಮಾಡಿದುದು ಸ್ತುತ್ಯ. ಆದರೆ ತಪ್ಪಿತಸ್ಥನನ್ನು ಹಿಡಿಯುವುದು ಬೇರೆ, ಓಣಿಯವರನ್ನೆಲ್ಲ ಕಟ್ಟಿಹಾಕುವುದು ಬೇರೆ. ಒತ್ತಾಯದ ಮದುವೆಗಳನ್ನು ತಡೆಯಲೆಂದು ೨೦೦೮ರಲ್ಲಿ ದಂಪತಿಗಳ ವಯಸ್ಸಿನ ಮಿತಿಯನ್ನು ೧೮ರಿಂದ ೨೧ಕ್ಕೆ ಏರಿಸಿದಾಗ, ಮನಸಾರೆ ಮದುವೆಯಾದ ಚಿಲಿ ದೇಶದ ತರುಣನೊಬ್ಬನೂ ಆತನ ಬ್ರಿಟಿಷ್ ಪತ್ನಿಯೂ ಆ ಬಲೆಯಲ್ಲಿ ಸಿಕ್ಕಿದರು. ೨೦೧೧ರ ಅಕ್ಟೋಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಅಂಥವರ ವಿಷಯದಲ್ಲಿ ಆ ನಿಯಮದ ಪ್ರಯೋಗವು ಅನ್ಯಾಯವೆಂದು ತೀರ್ಮಾನಿಸಿತು. ಹುಸಿ ಮದುವೆಯನ್ನು ಹಿಡಿಯಲು ವಿಚಾರಣೆ ಬೇಕು. ಸಂಬಳದ ಮಿತಿಯು ಆ ಕೆಲಸವನ್ನು ಮಾಡಲಾರದು. ಹುಸಿ ಗಂಡನ ಹೆಂಡತಿಗೆ ೪೦,೦೦೦ ಪೌಂಡು ಸಂಬಳವಿರಬಹುದು. ನಿಜವಾದ ಗಂಡನ ಹೆಂಡತಿಗೆ ೨೦,೦೦೦ವೇ ಇರಬಹುದು.

ಇಷ್ಟು ಹೇಳಿದ ಮೇಲೆ ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸಬೇಕು. ಪರರ ಕಾಯಿದೆಯನ್ನು ಖಂಡಿಸುವವರು ತಮ್ಮ ಕಾಯಿದೆಯ ಚರಿತ್ರೆಯನ್ನು ಮರೆತರೆ ಅದು ಶೋಭೆಯಲ್ಲ. ಸ್ವತಂತ್ರ ಹಿಂದೂಸ್ಥಾನದ ೧೯೫೫ರ ಪೌರತ್ವ ಕಾಯಿದೆಯ ಐದನೆಯ ಕಲಮಿನಲ್ಲಿ, ಭಾರತೀಯ ಪೌರರನ್ನು ಮದುವೆಯಾದ 'ಸ್ತ್ರೀಯರು' ನೋಂದಣಿಯಿಂದ ಪೌರರಾಗಬಹುದೆಂದು ಬರೆಯಲಾಗಿತ್ತು. ಭಾರತೀಯ ಸ್ತ್ರೀಯನ್ನು ಮದುವೆಯಾದ ಪುರುಷನ ಮಾತು ಅಲ್ಲಿರಲಿಲ್ಲ. 'ಸ್ತ್ರೀಯರು' ಎಂಬುದು 'ವ್ಯಕ್ತಿಗಳು' ಎಂದಾಗಲು ೧೯೮೬ರ ತಿದ್ದುಪಡಿ ಬರಬೇಕಾಯಿತು, ಮೂವತ್ತೊಂದು ವರ್ಷ! ಪರದೇಶದಲ್ಲಿ ಹುಟ್ಟಿದ ಮಗುವಿಗೆ ವಂಶದಿಂದ ಪೌರತ್ವ ಬರುತ್ತಿದ್ದುದು ತಂದೆಯಿಂದ ಮಾತ್ರ. ತಾಯಿಯಿಂದಲೂ ಬರುವಂತಾದುದು ೧೯೯೨ರಲ್ಲಿ. ಸಂವಿಧಾನವು ಸಮಾನತೆಯನ್ನ ಸಾರಿದ ನಾಲ್ಕು ದಶಕಗಳ ತನಕ ನಮ್ಮ ಕಾಯಿದೆಯೂ ಮನೆಯೆಂದರೆ ಗಂಡನ ಮನೆಯೆಂದೇ ತಿಳಿದಿತ್ತು.

ಕಾಯಿದೆ ತಿದ್ದಿತು, ಮನಸ್ಸು ಇನ್ನೂ ತಿದ್ದಬೇಕಾಗಿದೆ. ಹೆಂಡತಿಯ ಸಂಬಳದ ಆಧಾರದಿಂದ, ಹೆಂಡತಿಯ ಅರ್ಜಿಯಿಂದ ಪರದೇಶಕ್ಕೆ ಹೋಗುವ ಗಂಡನನ್ನು ಬಂಧುಗಳು ಒಂದು ಬಗೆಯ ಕನಿಕರದಿಂದ ನೋಡುತ್ತಾರೆ. ಹೆಂಡತಿಯು ಗಂಡನ ಆಧಾರದಿಂದ ಹೋದರೆ ಅದೃಷ್ಟವೆನ್ನುವವರೇ ಇಲ್ಲಿ ಅಭಿಮಾನಭಂಗವೆನ್ನುತ್ತಾರೆ. ಸ್ತ್ರೀಯಿಂದಲೇ ವಂಶವನ್ನು ಎಣಿಸುವ ಅಳಿಯಸಂತಾನದ ಕಟ್ಟು ತುಳುನಾಡಿನಲ್ಲಿ ತಲೆಮಾರುಗಳಿಂದ ನಡೆದುಬಂದಿತು. ೧೯೪೯ರಲ್ಲಿ ಮದರಾಸಿನ ಶಾಸನಸಭೆಯು ಅದಕ್ಕಾಗಿ ಕಾಯಿದೆಯನ್ನೇ ಮಾಡಿತು. ಹೆಣ್ಣನ್ನು ಮನೆಯ ಆಧಾರಸ್ತಂಭವೆಂದು ಎಣಿಸುವುದು ನಮ್ಮ ನೆಲಕ್ಕೆ ಪರಕೀಯವಾದ ಭಾವನೆಯಲ್ಲ. ಆ ಭಾವನೆಯನ್ನು ನಾವು ಕುಚೋದ್ಯಕ್ಕೆ ಬಿಟ್ಟುಕೊಟ್ಟ ಕಾರಣದಿಂದಲೇ ಪರದೇಶದ ಅಧಿಕಾರಿಯು ಅದನ್ನು ನಮ್ಮ ವಿರುದ್ಧ ಸಾಕ್ಷಿಯಾಗಿ ಉಪಯೋಗಿಸಿದನೆಂಬುದನ್ನು ಮರೆಯಬಾರದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಹೆಣ್ಣುಮಕ್ಕಳ ಹಿರಿಯರು ಮದುವೆಯನ್ನು ಒಡನೆಯೇ ನೋಂದಾಯಿಸಬೇಕು. ಕರ್ನಾಟಕದಲ್ಲಿ ೧೯೭೬ರ ವಿವಾಹ ನೋಂದಣಿ ಕಾಯಿದೆಯಿದೆ. ೨೦೦೬ರಲ್ಲಿ ನಮ್ಮ ಸುಪ್ರೀಂ ಕೋರ್ಟು ಎಲ್ಲ ಮತದವರ ಮದುವೆಗಳೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ರಾಜ್ಯಗಳಿಗೆ ನಿರ್ದೇಶಿಸಿತು. ಲಗ್ನಪತ್ರಿಕೆಯೂ ಮಂಟಪದ ರಸೀದಿಯೂ ನೆಂಟರಿಗೆ ಸಾಕು, ಸರಕಾರಗಳಿಗೆ ಸಾಲವು. ತಂದೆಯ ಹೆಸರು, ಊರ ಹೆಸರುಗಳ ಮೊದಲಕ್ಷರಗಳನ್ನು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬಿಡಿಸಿ ಬರೆಯುವ ನಮ್ಮ ಅಭ್ಯಾಸವು ಎಷ್ಟು ಅರ್ಜಿಗಳಿಗೆ ಮುಳ್ಳಾಗಬಲ್ಲದೆಂಬುದನ್ನು ಅನುಭವಸ್ಥರು ಬಲ್ಲರು. ಪಾಸ್‌ಪೋರ್ಟು, ಅಂಕಪಟ್ಟಿ, ವಿವಾಹಪತ್ರ ಮೂರರಲ್ಲಿಯೂ ಹೆಸರು ಒಂದೇ ರೀತಿಯಾಗಿರಲಿ.

ಎರಡನೆಯದಾಗಿ, ನಮ್ಮ ವಾಚಕರಲ್ಲಿ ಅನೇಕರು ಸರಕಾರಿ ನೌಕರರು. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಒಂದು ಅಕ್ಷರ ತಪ್ಪಿದರೆ ಪರದೇಶದಲ್ಲಿ ಒಂದು ಸಂಸಾರಕ್ಕೆ ಆರು ತಿಂಗಳು ತಪ್ಪುತ್ತದೆಂಬುದನ್ನು ಅವರು ಮನಸ್ಸಿಗೆ ತಂದುಕೊಂಡರೆ ಅದೂ ಒಂದು ದೇಶಸೇವೆಯೇ. 'ನಾಳೆ ಬಾ' ಎಂದು ಬಾಗಿಲಲ್ಲಿ ಬರೆಯುವುದು ದೆವ್ವವನ್ನು ಓಡಿಸಲು ನಮ್ಮ ಹಳ್ಳಿಗರು ಹೂಡಿದ ಉಪಾಯ; ನಾಗರಿಕರನ್ನು ಓಡಿಸಲು ಅದನ್ನು ಬಳಸಬಾರದು.

ಮೂರನೆಯದಾಗಿ, ದಿಲ್ಲಿಯ ಸರಕಾರವು ಈ ವಿಷಯವನ್ನು ಮಾತುಕತೆಯ ಮೇಜಿಗೆ ತರಬೇಕು. ೨೦೨೫ರ ಜುಲೈ ೨೪ರಂದು ಹಿಂದೂಸ್ಥಾನವೂ ಬ್ರಿಟನ್ನೂ ವ್ಯಾಪಾರದ ಒಪ್ಪಂದಕ್ಕೆ ಸಹಿ ಹಾಕಿದವು. ಸ್ಕಾಟ್ಲೆಂಡಿನ ವಿಸ್ಕಿಯ ಮೇಲಿನ ಸುಂಕವನ್ನು ನೂರೈವತ್ತರಿಂದ ಕ್ರಮೇಣ ನಲವತ್ತಕ್ಕೆ ಇಳಿಸಲು ನಾವು ಒಪ್ಪಿದೆವು. ಸೀಸೆಯ ದಾರಿಯು ಸುಗಮವಾದ ಮೇಲೆ ಸಂಸಾರದ ದಾರಿಯ ಮಾತನ್ನೂ ಆಡುವುದು ಅನುಚಿತವಾಗಲಾರದು. ಬ್ರಿಟಿಷರಿಂದ ನಾವು ಕೇಳುವುದು ದಾನವಲ್ಲ. ಅವರ ಕಾಯಿದೆಯ ಕನಿಷ್ಠ ಕೂಲಿಗೆ ಪೂರ್ಣಕಾಲ ದುಡಿಯುವವಳು ತನ್ನ ಗಂಡನನ್ನು ಕರೆಸಿಕೊಳ್ಳಲು ಅರ್ಹಳೆಂದು ಒಪ್ಪಲಿ. ಬರುವವನ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಲಿ. ಮಗುವಿದ್ದ ಮನೆಯಲ್ಲಿ ಚೀಲವನ್ನು ತೂಗುವ ಮೊದಲು ತೊಟ್ಟಿಲನ್ನು ನೋಡಲಿ. ಇದು ಅವರ ನ್ಯಾಯಾಲಯಗಳೂ ಅವರ ಸಮಿತಿಗಳೂ ಹಲವು ಬಾರಿ ಸೂಚಿಸಿದ ದಿಕ್ಕೇ ಆಗಿದೆ.

೧೯೧೩ರಲ್ಲಿ ನಮ್ಮ ತಾಯಂದಿರು ಕೇಳಿದುದು, ತಮ್ಮನ್ನು ಹೆಂಡತಿಯರೆಂದು ಎಣಿಸಬೇಕೆಂದು. ಇಂದು ನಮ್ಮ ಹೆಣ್ಣುಮಕ್ಕಳು ಕೇಳುವುದು, ತಮ್ಮನ್ನು ಮನೆಯ ಒಡತಿಯರೆಂದು ಎಣಿಸಬೇಕೆಂದು. ಅವರು ದುಡಿದು ತೆರಿಗೆ ಕೊಡುವ ಊರಿನಲ್ಲಿ ದೀಪ ಹಚ್ಚಿಟ್ಟು ಗಂಡನ ದಾರಿ ನೋಡುತ್ತಿದ್ದಾರೆ. ಆ ದೀಪದ ಬೆಳಕಿನಲ್ಲಿ ಸಂಬಳದ ಚೀಟಿಯನ್ನು ಮಾತ್ರ ಓದುವ ಸರಕಾರಕ್ಕೆ ಲೆಕ್ಕ ಬರುತ್ತದೆಂದು ಹೇಳಬಹುದು, ನ್ಯಾಯ ಬರುತ್ತದೆಂದು ಹೇಳಲಾಗದು. ಇತ್ತ 'ಮನೆ ಅಳಿಯ'ನೆಂದು ನಗುವ ನಾವೂ ನಗುವುದನ್ನು ಬಿಡೋಣ. ಹೆಣ್ಣು ಕಟ್ಟಿದ ಮನೆಯೂ ಮನೆಯೇ ಎಂಬ ಮಾತನ್ನು ನಮ್ಮ ಜಗಲಿಯು ಮೊದಲು ಒಪ್ಪಿದರೆ, ಪರರ ಹೊಸ್ತಿಲಿನ ಮುಂದೆ ನಾವು ಆಡುವ ಮಾತಿಗೆ ಬಲ ಬಂದೀತು.